ಫೀಸಿಗೆ ದುಡ್ಡಿಲ್ಲ ಅಂತ ಕೇಸ್ ಕೈಬಿಡಬೇಡಿ, ವಕೀಲರು ಉಚಿತವಾಗಿ ಸಿಗ್ತಾರೆ

ಕೊರಟಗೆರೆ: ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಮಾತು ಚನ್ನರಾಯನದುರ್ಗ ಹೋಬಳಿಯಲ್ಲೂ ಹಳೇದೇ. ಅಪ್ಪನ ಜಮೀನಲ್ಲಿ ಪಾಲು ಕೇಳಬೇಕು ಅಂದ್ಕೊಂಡ ಹೆಣ್ಣುಮಗಳು ವಕೀಲರ ಫೀಸು ನೆನೆಸ್ಕೊಂಡೇ ಸುಮ್ಮನಾಗ್ತಾಳೆ.

ಆದರೆ ಆಕೆಗೆ ವಕೀಲರು ಪೂರ್ತಿ ಉಚಿತ. ಆದಾಯ ಎಷ್ಟಿದ್ದರೂ ಸರಿ, ಹೆಣ್ಣುಮಕ್ಕಳಿಗೆ ಮಿತಿಯೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಟ್ಟ ಹಕ್ಕು ಇದು, ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿ ಇರೋರಿಗೂ ಹೀಗೇ. ಉಳಿದವರಿಗೆ ವರ್ಷದ ಆದಾಯ 3 ಲಕ್ಷ ರೂಪಾಯಿ ಒಳಗಿರಬೇಕು.

ಕೋರ್ಟ್ ಆವರಣದಲ್ಲಿರೋ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು. ಅದಕ್ಕೆ ನ್ಯಾಯಾಧೀಶರೇ ಅಧ್ಯಕ್ಷರು. ಬರೆಯೋಕೆ ಬರದಿದ್ದರೆ ಬಾಯಲ್ಲಿ ಹೇಳಿದರೂ ಬರೆದುಕೊಳ್ಳಬೇಕು. ಕೋರ್ಟ್ ಫೀ, ಟೈಪಿಂಗ್ ಖರ್ಚೂ ಸಮಿತಿಯದ್ದೇ. ಪ್ಯಾನಲ್ ವಕೀಲರು ಕಕ್ಷಿದಾರರ ಹತ್ತಿರ ಒಂದು ರೂಪಾಯಿಯೂ ಕೇಳುವಂತಿಲ್ಲ, ಕೇಳಿದರೆ ಸಮಿತಿಗೆ ದೂರು ಕೊಡಿ.

ವಕೀಲರಿಗೆ ಇದರಲ್ಲಿ ಸಿಗೋ ಗೌರವಧನ ಹೇಳಿಕೊಳ್ಳುವಂಥದ್ದಲ್ಲ. ಆದರೂ ಈ ವೃತ್ತಿಯ ದೊಡ್ಡ ಕೆಲಸ ಇಲ್ಲೇ ಇದೆ ಅನ್ನೋದು ನನ್ನ ಅಭಿಪ್ರಾಯ. ಎಷ್ಟೋ ಸಲ ಅರ್ಧ ಗಂಟೆ ಮಾತೇ ಸಾಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 2005ರಲ್ಲೇ ಕಾಯ್ದೆ ತಿದ್ದುಪಡಿ ಆಗಿದೆ. ಅಪ್ಪ ಅದಕ್ಕೂ ಮುಂಚೆ ತೀರಿಕೊಂಡಿದ್ದರೂ ಹಕ್ಕು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೂ ಮೊದಲು ವಿಭಾಗ ರಿಜಿಸ್ಟರ್ ಆಗಿದ್ದರೆ ಮಾತ್ರ ಕಷ್ಟ. ಇಷ್ಟು ಗೊತ್ತಿದ್ದರೆ ಅಣ್ಣ ತಂದ ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿ ಕಣ್ಣುಮುಚ್ಚಿ ಸಹಿ ಹಾಕಲ್ಲ.

ಉಚಿತ ವಕೀಲರು ಹಕ್ಕು ಅಂತ ಗಟ್ಟಿಯಾಗಿದ್ದೂ ಒಬ್ಬ ವಕೀಲೆಯಿಂದಲೇ. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೀತಿದ್ದವರ ಸುದ್ದಿ ಪತ್ರಿಕೆಯಲ್ಲಿ ಬಂದಾಗ ದೆಹಲಿಯ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ 1979ರ ಹುಸೈನಾರಾ ಖಾತೂನ್ ಪ್ರಕರಣ. ಸಾವಿರಾರು ಜನ ಹೊರಗೆ ಬಂದರು. ಅವರಲ್ಲಿ ಕೆಲವರು, ತಪ್ಪು ಸಾಬೀತಾಗಿದ್ದರೂ ಸಿಗಬಹುದಾಗಿದ್ದ ಶಿಕ್ಷೆಗಿಂತ ಜಾಸ್ತಿ ಕಾಲ ಒಳಗೇ ಇದ್ದವರು.

ಅಂಗಡಿಯವರಿಗೆ ಒಂದು ಮಾತು. ಆದಾಯ ಜಾಸ್ತಿ ಇದ್ದರೆ ಉಚಿತ ವಕೀಲರು ಸಿಗದೇ ಇರಬಹುದು, ಆದರೆ ಲೋಕ ಅದಾಲತ್ ಎಲ್ಲರಿಗೂ ಇದೆ. ಚೆಕ್ ಬೌನ್ಸ್ ಕೇಸು ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್, ಮೇಲ್ಮನವಿ ಕಾಟವೂ ಇಲ್ಲ. ಆದರೆ ಚೆಕ್ ವಾಪಸ್ ಬಂದ ಮಾಹಿತಿ ಬ್ಯಾಂಕಿಂದ ಸಿಕ್ಕ 30 ದಿನದೊಳಗೆ ನೋಟಿಸ್ ಕಳಿಸಿರಬೇಕು. ನಾಳೆ ಕೊಡ್ತೀನಿ ಅನ್ನೋ ಮಾತು ನಂಬಿ ಕೂತರೆ ಆ ದಿನ ದಾಟಿಹೋಗುತ್ತೆ.

ಕೊರಟಗೆರೆಗೆ ಬರೋಕಾಗದವರು 15100ಕ್ಕೆ ಕರೆ ಮಾಡಬಹುದು. ಹೋಗೋರು ಆಧಾರ್, ಪಹಣಿ, ಬಂದಿರೋ ನೋಟಿಸ್ ಏನಿದ್ದರೂ ಜೆರಾಕ್ಸ್ ಜೊತೆ ತಗೊಂಡು ಹೋಗಿ.