ಎರೆಹೊಲದ ಒಂಟಿನಳಿಗೆ

ದೀಪಾವಳಿ ಮುಗಿದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ಕಾಯಿ ಕಟ್ಟುತ್ತದೆ. ಹಗಲು ಚಿಗರಿ (ಕೃಷ್ಣಮೃಗ) ಹಿಂಡು, ಇರುಳು ಹಂದಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆ ಅಂಗಡಿಗೆ ಬರುವ ಮೊದಲು ಇವೆರಡರ ಬಾಯಿ ತಪ್ಪಿಸಿಕೊಳ್ಳಬೇಕು. ಹೊಲ ಕಾಯುವವರ ಬಳಿ ಬ್ಯಾಟರಿ, ತಗಡಿನ ಡಬ್ಬಿ, ಪಟಾಕಿ, ಕವಣೆ ಇರುತ್ತವೆ. ಪರವಾನಿಗೆ ಇದ್ದವರ ಬಳಿ ಮಾತ್ರ ಒಂದು ಬಂದೂಕು. ಅದಕ್ಕೆ ನಳಿಗೆ ಒಂದು, ಒಳಗಿರುವ ಏಟೂ ಒಂದು. ಬೆಳೆ ಕಾಯುವವನ ಕೈಯಲ್ಲಿ ಇಂಥದೇ ಬಂದೂಕು ಯಾಕೆ ಉಳಿಯಿತು ಎಂಬುದಕ್ಕೆ ಉತ್ತರ ಹೊಲದಲ್ಲೂ ಇದೆ, ಕಾನೂನಿನ ಪುಸ್ತಕದಲ್ಲೂ ಇದೆ.

ಮೊದಲು ಬಂದೂಕನ್ನೇ ನೋಡೋಣ. ಹಳೆಯದು ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕು. ನಳಿಗೆಯನ್ನು ಮೇಲ್ಮುಖ ಮಾಡಿ ನಿಲ್ಲಿಸಿ ಅಳತೆಯ ಕರಿಮದ್ದು ಸುರಿಯಬೇಕು. ಅದರ ಮೇಲೆ ಚಿಂದಿಯೋ ತೆಂಗಿನ ನಾರೋ ಇಟ್ಟು ಉದ್ದನೆಯ ಸರಳಿನಿಂದ ಜಡಿಯಬೇಕು. ಆಮೇಲೆ ಸೀಸದ ಛರ್ರೆ ಅಥವಾ ಒಂದು ಗುಂಡು, ಅದು ಜಾರದಂತೆ ಮತ್ತೊಂದು ಸುತ್ತು ನಾರು. ಕೊನೆಗೆ ಹಿಂಬದಿಯ ಸಣ್ಣ ಮೊಳೆಗೆ ಕೇಪು ಸಿಕ್ಕಿಸಬೇಕು. ಟ್ರಿಗರ್ ಎಳೆದಾಗ ಮೇಲಿನ ಕುದುರೆ ಕೇಪಿಗೆ ಬಡಿದು ಕಿಡಿ ಒಳಗೆ ಹಾಯುತ್ತದೆ. ಮದ್ದಿನಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದಿಷ್ಟನ್ನೂ ಮತ್ತೆ ಮಾಡಿ ಎರಡನೆಯ ಏಟಿಗೆ ಸಿದ್ಧವಾಗಲು, ಕೈ ಪಳಗಿದವನಿಗೂ ಅರ್ಧ ನಿಮಿಷ ಬೇಕು. ಕತ್ತಲೆಯಲ್ಲಿ, ಚಳಿಗೆ ಬೆರಳು ಸೆಟೆದಾಗ, ಇನ್ನೂ ಹೆಚ್ಚು. ಅಷ್ಟರಲ್ಲಿ ಹಂದಿ ಪಕ್ಕದೂರಿನ ಸೀಮೆ ಸೇರಿರುತ್ತದೆ. ಮದ್ದು ಇಬ್ಬನಿಗೆ ಒದ್ದೆಯಾದರೆ ಮೊದಲ ಏಟೂ ಇಲ್ಲ, ಬರೀ ಕೇಪು ಚಟ್ ಎನ್ನುತ್ತದೆ.

ಅದಕ್ಕಿಂತ ಈಚಿನದು ಮಧ್ಯಕ್ಕೆ ಮಡಚಿ ತೋಟಾ ಹಾಕುವ ಹನ್ನೆರಡು ಬೋರಿನ ಒಂಟಿನಳಿಗೆ. ಒಂದು ಪೌಂಡ್ ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಎರಕ ಹೊಯ್ದರೆ ಅದರಲ್ಲಿ ಒಂದು ಸರಿಯಾಗಿ ಕೂರುವಷ್ಟು ಅಗಲದ ನಳಿಗೆ ಅದು. ಇವೆರಡೂ ಒಳಮೈ ನುಣುಪಾದ ಬಂದೂಕುಗಳು. ರೈಫಲ್ಲಿನ ಜಾತಿಯೇ ಬೇರೆ. ಅದರ ನಳಿಗೆಯೊಳಗೆ ತಿರುಚಿ ಕೊರೆದ ಗೀರುಗಳಿವೆ, ಗುಂಡು ಗಿರಗಿರ ತಿರುಗುತ್ತ ಹೊರಟು ದಿಕ್ಕು ತಪ್ಪದೆ ಬಲುದೂರ ಹೋಗುತ್ತದೆ. ಛರ್ರೆಯ ಬಲ ಮೂವತ್ತು ನಲವತ್ತು ಮೀಟರಿಗೆ ಕುಂದಿದರೆ, ರೈಫಲ್ ಗುಂಡು ಕಿಲೋಮೀಟರು ದಾಟಿದ ಮೇಲೂ ಕೊಲ್ಲಬಲ್ಲದು. ಗುಡ್ಡವಿಲ್ಲ, ದಟ್ಟ ಮರವಿಲ್ಲ, ಕಣ್ಣು ಹಾಯುವಷ್ಟು ದೂರ ಎರೆ ಬಯಲು. ಪ್ರತಿ ನಾಲ್ಕನೆಯ ಹೊಲದಲ್ಲಿ ಯಾರೋ ಒಬ್ಬರು ಕಂಬಳಿ ಹೊದ್ದು ಕಾವಲು ಮಲಗಿರುತ್ತಾರೆ. ಇಂಥ ನೆಲದಲ್ಲಿ ರೈಫಲ್ ಹಾರಿಸುವುದು ಶೂರತನವಲ್ಲ, ತಲೆಗೇಡಿತನ.

ಕಾನೂನಿಗೂ ಅದೇ ಲೆಕ್ಕ, ಕಾರಣ ಮಾತ್ರ ಬೇರೆ. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನೇ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೊಂದನ್ನು ಕೊಡಬಹುದು. ಸ್ವತಂತ್ರ ಭಾರತದ ಸಂಸತ್ತು ರೈತನಿಗೆಂದು ಆರಿಸಿದ್ದು ಆಗಲೇ ನೂರು ವರ್ಷ ಹಳತಾಗಿದ್ದ ಯಂತ್ರವನ್ನು! ಜನರ ಕೈಯ ಬಂದೂಕಿನ ಬಗ್ಗೆ ಸರ್ಕಾರಗಳಿಗೆ ಇರುವ ಅಂಜಿಕೆ ಹಳೆಯದು. 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ಬಗ್ಗದೆ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತರು. ಊರು ಸುಟ್ಟಿತು, ಡಿಸೆಂಬರಿನಲ್ಲಿ ಮುಧೋಳದಲ್ಲಿ ಗಲ್ಲುಗಳು ನಡೆದವು. ಬೇಟೆಯೇ ಬದುಕಾದವನಿಂದ ಆಯುಧ ಕೇಳುವುದು ಒಕ್ಕಲಿಗನಿಂದ ಎತ್ತು ಕೇಳಿದಷ್ಟೇ ಸಲೀಸು ಎಂದು ಕಂಪನಿಯವರು ತಿಳಿದಿದ್ದರೇನೋ.

ಜೇವರ್ಗಿಯ ನೆರೆಯ ಸುರಪುರವೂ ಬೇಡ ನಾಯಕರದೇ ಸಂಸ್ಥಾನ. 1841ರಿಂದ 1853ರವರೆಗೆ ಅಲ್ಲಿ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಶಿಕಾರಿಯ ಹುಚ್ಚಿನವನು.   ಇನ್ನೂ ಹಿಂದಕ್ಕೆ ಹೋದರೆ ಮಳಖೇಡದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 949ರ ಸುಮಾರಿಗೆ, ದೂರದ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿದರು. ಅದು ಕಾದಾಡಿ ಸತ್ತದ್ದೂ ಹಂದಿಯ ಜೊತೆಗೇ.

ಚಿಗರಿಯ ಕಥೆ ಬೇರೆ. ಬಯಲಿನಲ್ಲಿ ಅದು ಮನುಷ್ಯನನ್ನು ಅರ್ಧ ಮೈಲಿ ಆಚೆಯೇ ಗುರುತಿಸುತ್ತದೆ, ಓಟಕ್ಕಿಟ್ಟರೆ ಗಂಟೆಗೆ 80 ಕಿಲೋಮೀಟರಿನ ವೇಗ. ಎತ್ತಿನ ಬಂಡಿಗೆ ಹೆದರದು ಎಂದು ಕಂಡುಕೊಂಡ ಹಳೆಯ ಶಿಕಾರಿಗಳು ಬಂಡಿಯ ಮರೆಯಲ್ಲಿ ಸುತ್ತುಸುತ್ತಾಗಿ ಹತ್ತಿರ ಸಾಗುತ್ತಿದ್ದರು. 1870ರ ದಶಕದಲ್ಲಿ ಬಂದ ಮಾರ್ಟಿನಿ, ಫಾರ್ಕರ್ಸನ್ ಮಾದರಿಯ ಒಂದೇ ಗುಂಡಿನ ರೈಫಲ್ಲುಗಳಿಗೆ ಹೇಳಿ ಮಾಡಿಸಿದ ಬೇಟೆ ಅದು. ಮೊದಲ ಗುಂಡು ತಪ್ಪಿದರೆ ಹಿಂಡೇ ದಿಗಂತ ಸೇರುವುದರಿಂದ ಎರಡನೆಯದು ಇದ್ದೂ ಪ್ರಯೋಜನ ಕಡಿಮೆ. ನವಾಬರು ಚೀತಾ ಬಿಟ್ಟು ಹಿಡಿಸುತ್ತಿದ್ದರು. ಆ ಚೀತಾ 1952ಕ್ಕೆ ದೇಶದಿಂದಲೇ ಅಳಿದಿದೆ ಎಂದು ಸಾರಲಾಯಿತು. ಪಾರ್ಧಿಗಳು, ಹರಣಶಿಕಾರಿಗಳು ಬಂದೂಕಿನ ಗೊಡವೆಗೇ ಹೋಗದೆ ಉರುಲು, ಬಲೆಯಲ್ಲಿ ಹಿಡಿಯುತ್ತಿದ್ದರು. ನನ್ನನ್ನು ಕೇಳಿದರೆ ಅವರೆಲ್ಲರಲ್ಲಿ ಮೃಗದ ನಡೆಯನ್ನು ಚೆನ್ನಾಗಿ ಬಲ್ಲವರು ಈ ಉರುಲಿನವರೇ.

1972ರ ವನ್ಯಜೀವಿ ಕಾಯ್ದೆ ಶಿಕಾರಿಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಕೆಲವು ಪ್ರಾಣಿಗಳಿಗೆ ಬೇಟೆ ಪರವಾನಿಗೆ ಇನ್ನೂ ಸಿಗುತ್ತಿತ್ತು. 1991ರ ತಿದ್ದುಪಡಿ ಅದನ್ನೂ ಕಿತ್ತುಹಾಕಿತು. ಚಿಗರಿ ಮೊದಲ ಅನುಸೂಚಿಯಲ್ಲಿದೆ. ಕೊಂದರೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು. ಕಾಡುಹಂದಿ ಬೆಳೆ ಹಾಳು ಮಾಡಿದರೆ ಅರಣ್ಯ ಇಲಾಖೆ ಲಿಖಿತ ಅನುಮತಿ ಕೊಡಬಹುದು. ಆದರೆ ಬಂದೂಕಿನ ಪರವಾನಿಗೆ ಬೇರೆ, ಹಂದಿ ಹೊಡೆಯುವ ಅನುಮತಿ ಬೇರೆ. ಒಂದು ಜಿಲ್ಲಾಡಳಿತದ ಕಾಗದ, ಇನ್ನೊಂದು ಅರಣ್ಯದವರದು. ಎರಡನೆಯದು ಕೈಗೆ ಬರುವಷ್ಟರಲ್ಲಿ ರಾಶಿಯೇ ಮುಗಿದಿದ್ದರೆ ಅಚ್ಚರಿಯಿಲ್ಲ. ಹಾಗಾಗಿ ಕೈಯಲ್ಲಿ ಬಂದೂಕಿದ್ದರೂ ಕಾನೂನಿಗೆ ಅಂಜುವವನಿಗೆ ಉಳಿಯುವ ದಾರಿ ಛರ್ರೆ ಹಾಕದೆ ಬರೀ ಮದ್ದು ಜಡಿದು ಆಕಾಶಕ್ಕೆ ಹಾರಿಸುವುದು. ಸದ್ದಿಗೆ ಹಂದಿ ಓಡುತ್ತದೆ, ಮರುದಿನ ಬರುತ್ತದೆ. ಇದಕ್ಕಿಂತ ಕೆಟ್ಟವು ಹಿಟ್ಟಿನುಂಡೆಯಲ್ಲಿ ಅಡಗಿಸಿಡುವ ಸಿಡಿಮದ್ದು, ಬೇಲಿಗೆ ಬಿಡುವ ಕರೆಂಟು. ಎರಡೂ ಅಪರಾಧ. ಎರಡಕ್ಕೂ ದನ, ನಾಯಿ, ಮನುಷ್ಯ ಎಂಬ ಭೇದ ತಿಳಿಯದು.

ಭೀಮೆಯ ನೀರು ಇದಕ್ಕೆ ಇನ್ನೊಂದು ಗಂಟು ಹಾಕಿದೆ. ಸೊನ್ನ ಬ್ಯಾರೇಜಿನ ಸುತ್ತ, ಹವಳಗಾ, ಭೂಸನೂರಿನ ಸಕ್ಕರೆ ಕಾರ್ಖಾನೆಗಳ ಸುತ್ತ ಕಬ್ಬು ಹಬ್ಬಿತು. ಬಯಲಿನಲ್ಲಿ ಹಗಲು ಅಡಗಲು ಜಾಗವಿಲ್ಲದ ಹಂದಿಗೆ ಈಗ ಹನ್ನೆರಡು ತಿಂಗಳ ಮನೆ ಸಿಕ್ಕಿದೆ. ಆಳೆತ್ತರದ ಕಬ್ಬಿನೊಳಗೆ ಒಂಟಿನಳಿಗೆಯೂ ಒಂದೇ, ಜೋಡುನಳಿಗೆಯೂ ಒಂದೇ, ಏನೂ ಕಾಣದು.

ಇನ್ನು ಬಂದೂಕಿನ ಪರವಾನಿಗೆಯ ಮಾತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದರಿಂದಲೇ ವಿನಾಯಿತಿ ಇದೆ, 2029ರವರೆಗೆ ಅದು ಮುಂದುವರಿದಿದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವೇರಿಸುತ್ತಾರೆ. ಇಲ್ಲಿ ಕಲಬುರಗಿ ಕಡೆ ಖಂಡೇಪೂಜೆಯ ದಿನ ಬಂದೂಕನ್ನು ಕುಂಟೆ, ಕೂರಿಗೆ, ಕುಡಗೋಲಿನ ಸಾಲಿನಲ್ಲಿ ಇಟ್ಟು ಕುಂಕುಮ ಹಚ್ಚುವುದಷ್ಟೇ. ಐದು ವರ್ಷಕ್ಕೊಮ್ಮೆ ಪರವಾನಿಗೆ ನವೀಕರಣ. ಚುನಾವಣೆ ಘೋಷಣೆಯಾದರೆ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ವಿಧಾನಸಭೆ, ಲೋಕಸಭೆ ಚುನಾವಣೆಗಳು ಈಚೆಗೆ ಏಪ್ರಿಲ್, ಮೇ ತಿಂಗಳಲ್ಲಿ ಬರುವುದರಿಂದ ತೊಗರಿಗೆ ತೊಂದರೆಯಿಲ್ಲ, ಆಗ ಹೊಲ ಖಾಲಿ. ಕಬ್ಬು ಬೆಳೆದವನು ಮಾತ್ರ ಆ ಎರಡು ತಿಂಗಳು ಮತ್ತೆ ತಗಡಿನ ಡಬ್ಬಿ ಬಡಿಯಬೇಕು.