ವಾಹನದ ಹೀಟರ್ ಫ್ಯಾನಿಗೆ ವೇಗ ನಿಯಂತ್ರಕದ ಅಳವಡಿಕೆ: ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ಭಾಗಗಳಲ್ಲಿ ಬೇಸಿಗೆ ದೀರ್ಘವಾಗಿರುವುದರಿಂದ ವಾಹನದ ಹೀಟರ್ ಅನಾವಶ್ಯಕವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಹೀಟರಿಗೂ ಹವಾನಿಯಂತ್ರಣಕ್ಕೂ ಗಾಳಿ ಒದಗಿಸುವುದು ಒಂದೇ ಫ್ಯಾನು. ಇದನ್ನು ಬ್ಲೋವರ್ ಎನ್ನುತ್ತಾರೆ. ಮಳೆಗಾಲದಲ್ಲಿ ಹಾಗೂ ಚಳಿಗಾಲದ ಮುಂಜಾನೆ ಮುಂಗಾಜಿನ ಒಳಭಾಗದಲ್ಲಿ ಕಟ್ಟುವ ಮಂಜು ಕರಗಿ ದಾರಿ ಕಾಣಬೇಕಾದರೆ ಈ ಫ್ಯಾನು ಸುಸ್ಥಿತಿಯಲ್ಲಿರುವುದು ಅವಶ್ಯ. ಆದ್ದರಿಂದ ಇದು ಕೇವಲ ಸುಖಸೌಕರ್ಯದ ವಿಷಯವಲ್ಲ, ಸುರಕ್ಷತೆಯ ವಿಷಯವೂ ಆಗಿದೆ.

1. ಮೂಲ ವ್ಯವಸ್ಥೆ

ಹಲವು ವಾಹನಗಳಲ್ಲಿ ಫ್ಯಾನಿನ ವೇಗವನ್ನು ರೆಸಿಸ್ಟರ್‌ಗಳ ಮೂಲಕ ಮೂರು ಅಥವಾ ನಾಲ್ಕು ಹಂತಗಳಲ್ಲಿ ನಿಯಂತ್ರಿಸಲಾಗುತ್ತದೆ. ಉದಾಹರಣೆಗೆ, 12 ವೋಲ್ಟ್ ವ್ಯವಸ್ಥೆಯಲ್ಲಿ ಮೋಟಾರಿಗೆ 7 ವೋಲ್ಟ್ ದೊರೆತು 5 ಆಂಪಿಯರ್ ವಿದ್ಯುತ್ ಹರಿದಾಗ, ಉಳಿದ 5 ವೋಲ್ಟ್ ರೆಸಿಸ್ಟರಿನಲ್ಲಿ ಇಳಿದು 25 ವ್ಯಾಟ್ ಶಾಖವಾಗಿ ವ್ಯಯವಾಗುತ್ತದೆ. ಈ ಶಾಖವನ್ನು ಫ್ಯಾನಿನ ಗಾಳಿಯೇ ತಣಿಸಬೇಕು. ಎರೆಮಣ್ಣಿನ ಧೂಳಿನಿಂದ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಲ್ಲಿ ಗಾಳಿ ಕಡಿಮೆಯಾಗಿ ರೆಸಿಸ್ಟರ್ ಅತಿಯಾಗಿ ಕಾಯುತ್ತದೆ. ಗರಿಷ್ಠ ವೇಗವೊಂದನ್ನು ಬಿಟ್ಟು ಉಳಿದ ಹಂತಗಳು ಕೆಲಸ ಮಾಡದಿದ್ದರೆ ರೆಸಿಸ್ಟರ್ ಕೆಟ್ಟಿರುವ ಸಂಭವ ಹೆಚ್ಚು. ಇಂತಹ ಸಂದರ್ಭದಲ್ಲಿ ಫಿಲ್ಟರ್ ಸ್ವಚ್ಛಗೊಳಿಸಿ ರೆಸಿಸ್ಟರ್ ಬದಲಿಸುವುದೇ ಸಾಕಾಗಬಹುದು, ಮಾರ್ಪಾಡಿನ ಅಗತ್ಯವಿರುವುದಿಲ್ಲ.

2. ಹೊಸ ನಿಯಂತ್ರಕದ ಕಾರ್ಯವಿಧಾನ

ಪಿ.ಡಬ್ಲ್ಯೂ.ಎಂ. ನಿಯಂತ್ರಕವು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹರಿಸಿ ನಿಲ್ಲಿಸುತ್ತದೆ. ಹರಿಯುವ ಅವಧಿ ಹೆಚ್ಚಿದಂತೆ ವೇಗ ಹೆಚ್ಚುತ್ತದೆ. ಹೀಗಾಗಿ ಹಂತಗಳಿಲ್ಲದೆ ಬೇಕಾದ ವೇಗವನ್ನು ಪಡೆಯಬಹುದು. ಶಾಖದ ನಷ್ಟವೂ ಕಡಿಮೆ.

3. ಪಾಲಿಸಬೇಕಾದ ಎಚ್ಚರಿಕೆಗಳು

(ಅ) ವಾಹನ 12 ವೋಲ್ಟಿನದೋ ಅಥವಾ ಭಾರೀ ವಾಹನಗಳಲ್ಲಿರುವಂತೆ 24 ವೋಲ್ಟಿನದೋ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.
(ಆ) ನಿಯಂತ್ರಕದ ಸಾಮರ್ಥ್ಯವು ಮೋಟಾರು ಗರಿಷ್ಠ ವೇಗದಲ್ಲಿ ಸೆಳೆಯುವ ವಿದ್ಯುತ್ತಿಗಿಂತ ಹೆಚ್ಚಿರಬೇಕು.
(ಇ) ಮೂಲ ಫ್ಯೂಸನ್ನು ತೆಗೆಯಬಾರದು. ಹೆಚ್ಚಿನ ಆಂಪಿಯರಿನ ಫ್ಯೂಸನ್ನಾಗಲಿ, ಅದರ ಬದಲಿಗೆ ತಂತಿಯನ್ನಾಗಲಿ ಹಾಕಬಾರದು. ಹೊಸ ತಂತಿ ಮೂಲ ತಂತಿಗಿಂತ ತೆಳುವಾಗಿರಬಾರದು. ಬೆಂಕಿಯ ಅಪಾಯ ಇರುವುದು ಇಲ್ಲಿಯೇ.
(ಈ) ವೇಗವನ್ನು ಮೋಟಾರು ತಿರುಗದೆ ನಿಲ್ಲುವಷ್ಟು ತಗ್ಗಿಸಬಾರದು. ವಿದ್ಯುತ್ ಹರಿಯುತ್ತಿದ್ದು ಮೋಟಾರು ನಿಂತರೆ ಅದು ಕಾದು ಸುಡಬಹುದು.
(ಉ) ಕೆಲಸಕ್ಕೆ ಮುನ್ನ ಬ್ಯಾಟರಿಯ ಋಣ ತುದಿಯನ್ನು ಬಿಡಿಸತಕ್ಕದ್ದು.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಪ್ರವಾಹವು ನರಗುಂದ ತಾಲ್ಲೂಕಿನ ಕೊಣ್ಣೂರು ಹಾಗೂ ರೋಣ ತಾಲ್ಲೂಕಿನ ಹೊಳೆಆಲೂರು ಭಾಗಗಳನ್ನು ಬಾಧಿಸಿತ್ತು. ಅನೇಕ ಕಾರುಗಳಲ್ಲಿ ಬ್ಲೋವರ್ ಮೋಟಾರು ಕಾಲಿಡುವ ಜಾಗದ ಸಮೀಪವಿರುತ್ತದೆ. ನೀರು ನುಗ್ಗಿದ ವಾಹನದಲ್ಲಿ ಮೋಟಾರು ಹಾಗೂ ಜೋಡಣೆಗಳ ತುಕ್ಕನ್ನು ಪರಿಶೀಲಿಸದೆ ನಿಯಂತ್ರಕ ಅಳವಡಿಸುವುದು ಸೂಕ್ತವಲ್ಲ.

4. ಕಾನೂನಿನ ಅಂಶಗಳು

ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರನ್ವಯ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 182-ಎ(4)ರ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಫ್ಯಾನಿನ ವೇಗದ ವಿವರ ನೋಂದಣಿ ಪತ್ರದಲ್ಲಿ ಇರುವುದಿಲ್ಲವಾದರೂ, ಕೆಲಸಕ್ಕೆ ಮುನ್ನ ವಾರಂಟಿ ಮತ್ತು ವಿಮೆಯ ಷರತ್ತುಗಳನ್ನು ಓದಿಕೊಳ್ಳುವುದು ಹಾಗೂ ಸಂಶಯವಿದ್ದಲ್ಲಿ ಗದಗ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ವಾಹನ ಮಾಲೀಕರು ಈ ಕೆಲಸವನ್ನು ನುರಿತ ಆಟೋ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿಕೊಂಡು, ತಮ್ಮ ಹಾಗೂ ಸಹಪ್ರಯಾಣಿಕರ ಸುರಕ್ಷತೆಯನ್ನು ಕಾಪಾಡಿಕೊಳ್ಳಬೇಕೆಂದು ಕೋರಲಾಗಿದೆ.