ಆರ್‌ಎಕ್ಸೋ, ರೋಡ್‌ಕಿಂಗೋ?

ನಾಗಮಂಗಲ ಬಿಟ್ಟು ನಾಲ್ಕೈದು ಕಿಲೊಮೀಟರ್ ಬಂದಿದ್ದೆವೋ ಏನೋ, ಎಡಗೈ ಹಿಡಿಕೆಯಲ್ಲಿ ಟಪ್ಪೆಂದು ಸದ್ದಾಯಿತು. ಕ್ಲಚ್ ಕೇಬಲ್ ಕಿತ್ತುಹೋಗಿತ್ತು. ಓಡಿಸಿ ನೋಡಲು ಪಡೆದಿದ್ದ ಹಳೇ ಯೆಜ್ಡಿ ರೋಡ್‌ಕಿಂಗ್ ಅದು. ಹಿಂದೆ ಕೂತಿದ್ದವರು ಅದರ ಮಾಲೀಕರು, ಅರವತ್ತು ದಾಟಿದ ರೈತರು. ವ್ಯಾಪಾರ ಇಲ್ಲಿಗೆ ಮುಗಿಯಿತು ಎಂದುಕೊಂಡು ಗಾಡಿ ನಿಲ್ಲಿಸಿದೆ. ಅವರು ಇಳಿಯಲೇ ಇಲ್ಲ. “ಕ್ಲಚ್ಚು ಬುಡಿ ಸಾ. ಕಾಲಲ್ಲಿ ಗೇರ್ ಒತ್ತಿ ಹಿಡ್ಕಳಿ, ಮೆಲ್ಲುಗ್ ಬುಡಿ” ಅಂದರು. ಒತ್ತಿದೆ, ಮೆಲ್ಲಗೆ ಬಿಟ್ಟೆ. ಪಳಗಿದ ಎತ್ತು ನೊಗಕ್ಕೆ ಕತ್ತು ಕೊಟ್ಟಂತೆ ಗಾಡಿ ಹೊರಟಿತು. ಎರಡು, ಮೂರು, ನಾಲ್ಕು, ಎಲ್ಲಾ ಗೇರೂ ಬಿದ್ದವು. ಜಕ್ಕನಹಳ್ಳಿ ದಾಟಿ ಪಾಂಡವಪುರದವರೆಗೂ ಕ್ಲಚ್ ಇಲ್ಲದೆ ಬಂದೆವು. ಆ ದಾರಿ ನೆನೆದರೆ ಈಗಲೂ ಮೈ ನವಿರೇಳುತ್ತದೆ.

ಹೊರಟದ್ದು ಅಕ್ಕನ ಮಗನಿಗೆ ಗಾಡಿ ನೋಡಲೆಂದು. ಕೆ.ಆರ್. ಪೇಟೆಯಲ್ಲೊಂದು ಯಮಹಾ ಆರ್‌ಎಕ್ಸ್ 100, ನಾಗಮಂಗಲದಲ್ಲಿ ಈ ರೋಡ್‌ಕಿಂಗ್. ಮಂಡ್ಯ ಸೀಮೆಯ ಹುಡುಗರಿಗೆ ಸ್ಪೋರ್ಟ್ಸ್ ಕಾರು ಅಂದರೆ ಆರ್‌ಎಕ್ಸೇ. 2015ರಲ್ಲಿ ‘ಆರ್‌ಎಕ್ಸ್ ಸೂರಿ’ ಎಂದು ಸಿನಿಮಾಕ್ಕೇ ಹೆಸರಿಟ್ಟರಲ್ಲ! ಹುಡುಗನಿಗೆ ಪಿಕಪ್ ಬೇಕು. ನನಗೆ ಅವನು ರಾತ್ರಿ ಮನೆ ಸೇರಬೇಕು.

ಯೆಜ್ಡಿ ನಮ್ಮ ಮನೆಯ ಕೂಸು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕ್ ವಿನ್ಯಾಸದ ಜಾವಾ ತಯಾರಿಸಿತು. 1973ರಿಂದ ಹೆಸರು ಯೆಜ್ಡಿಯಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಆರ್‌ಎಕ್ಸ್ ಬಂದದ್ದು 1985ರಲ್ಲಿ, ಎಸ್ಕಾರ್ಟ್ಸ್ ಕಂಪನಿಯ ಮೂಲಕ. ಎರಡರ ಉತ್ಪಾದನೆಯೂ ನಿಂತದ್ದು 1996ರಲ್ಲಿ. ಅಂದರೆ ಇವತ್ತು ಯಾವುದನ್ನು ಕೊಂಡರೂ ಕನಿಷ್ಠ ಮೂವತ್ತರ ಆಸುಪಾಸಿನ ಮುದಿಗಾಡಿಯೇ.

ಆ ಕಾಲಡಿಯ ಗೇರ್ ಕಡ್ಡಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಬಿಡಲು ಮನಸ್ಸಿಲ್ಲ. ಯೆಜ್ಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ. ಎಡಗಡೆ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್; ಎಂಜಿನ್ ಹೊತ್ತಿದ ಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರ್. ಆ ಲಿವರ್‌ನ ದಂಡಕ್ಕೆ ಒಳಗಡೆ ಒಂದು ಉಬ್ಬು ಇದೆ. ಕಾಲು ಒತ್ತಿದ ಕೂಡಲೇ, ಗೇರ್ ಚಕ್ರ ಕದಲುವ ಮೊದಲೇ, ಆ ಉಬ್ಬು ಕ್ಲಚ್ಚನ್ನು ತಳ್ಳಿ ಬಿಡಿಸುತ್ತದೆ. ಕೈಯ ಕೇಬಲ್ ಅದಕ್ಕೆ ಬೇಕಾಗುವುದೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕಣ್ಣು ತಪ್ಪಿಸಿ ಗುಟ್ಟಾಗಿ ರೂಪಿಸಿ, 1946ರಲ್ಲಿ ಹೊರತಂದ ಜಾವಾ ಪೆರಾಕ್‌ನಲ್ಲೇ ಈ ಉಪಾಯವಿತ್ತು. ಪ್ರಾಗ್‌ನಲ್ಲಿ ಯಾರೋ ಕದ್ದುಮುಚ್ಚಿ ಯೋಚಿಸಿದ್ದು, ಇಷ್ಟು ವರ್ಷದ ಮೇಲೆ ನನ್ನನ್ನು ನಾಗಮಂಗಲದ ರಸ್ತೆಯಲ್ಲಿ ದಡ ಮುಟ್ಟಿಸಿತು. ಇದಕ್ಕಿಂತ ದೊಡ್ಡ ಗ್ಯಾರಂಟಿ ಕಾರ್ಡ್ ನಾನು ನೋಡಿಲ್ಲ.

ಲೆಕ್ಕದಲ್ಲೂ ರೋಡ್‌ಕಿಂಗ್ ಹಿಂದೆ ಬಿದ್ದಿಲ್ಲ. ಅದು ಸುಮಾರು 250 ಸಿಸಿ, 16 ಅಶ್ವಶಕ್ತಿ. ಆರ್‌ಎಕ್ಸ್ 98 ಸಿಸಿ, 11 ಅಶ್ವಶಕ್ತಿ, ತೂಕ ನೂರು ಕಿಲೊ ಆಸುಪಾಸು. ಆದರೆ ಆರ್‌ಎಕ್ಸ್ ತನ್ನ ಪೂರಾ ಶಕ್ತಿ ಕೊಡುವುದು ನಿಮಿಷಕ್ಕೆ 7,500 ಸುತ್ತಿನಲ್ಲಿ. ಹಗುರ ಮೈಯಲ್ಲಿ ಎಂಜಿನ್ ಹಾಗೆ ಕೂಗುತ್ತಾ ಏರಿದಾಗ ಬೆನ್ನಿಗೆ ಯಾರೋ ಗುದ್ದಿದಂತಾಗುತ್ತದೆ. ಯೆಜ್ಡಿ ಕೆಳಗಿನ ಸುತ್ತಿನಲ್ಲೇ ಡುಬುಡುಬು ಎಂದು ಎಳೆಯುತ್ತದೆ. ಗೊಬ್ಬರದ ಮೂಟೆ ಹೇರಿದರೂ ಅದೇ ಸದ್ದು. ಹೇಮಗಿರಿ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತಿನ ಜೋಡಿ ಕೊಳ್ಳುವವರು ಓಟಕ್ಕೋ ಉಳುಮೆಗೋ ಎಂದು ಮೊದಲೇ ತೀರ್ಮಾನಿಸಿಕೊಂಡು, ಆಮೇಲೆ ಹಲ್ಲು, ಸುಳಿ ನೋಡುತ್ತಾರೆ. ಗಾಡಿಗೂ ಅದೇ ದಾರಿ.

ಓಟಕ್ಕೆ ಅಂತಲೇ ಇಟ್ಟುಕೊಳ್ಳಿ, ಓಡಿಸುವುದು ಎಲ್ಲಿ? 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕು ಬಿಡುವುದಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಸರ್ವೀಸ್ ರಸ್ತೆಯೇ ಗತಿ. ಉಳಿದದ್ದು ನಾಲೆ ಬದಿಯ ದಾರಿಗಳು. 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಪಾಂಡವಪುರ ತಾಲ್ಲೂಕಿನಲ್ಲಿ ಯಾರಿಗೂ ಮರೆಯಲಾಗದು. ಈ ಎರಡೂ ಗಾಡಿಗೆ ಡಿಸ್ಕ್ ಇಲ್ಲ, ಡ್ರಮ್ ಬ್ರೇಕ್. ಆರ್‌ಎಕ್ಸ್ ಹೊರಡುವಷ್ಟು ಚುರುಕಾಗಿ ನಿಲ್ಲುವುದಿಲ್ಲ. ಹಾಗಾಗಿ ಹುಡುಗನಿಗೆ ನಾನು ಮೊದಲು ಹೇಳಿದ್ದು, ಆಕ್ಸಿಲರೇಟರ್ ತಿರುಗಿಸುವ ಮುಂಚೆ ಬ್ರೇಕ್ ಒತ್ತಿ ನೋಡು ಅಂತ.

ಪಾಂಡವಪುರದ ಮೆಕ್ಯಾನಿಕ್ ಶೆಡ್ಡಿಗೆ ಕೆ.ಆರ್. ಪೇಟೆಯ ಆರ್‌ಎಕ್ಸ್ ಆಗಲೇ ಬಂದು ನಿಂತಿತ್ತು. ಹೊಸ ಪೇಂಟು, ಹೊಳೆಯುವ ಸೈಲೆನ್ಸರ್. ಮೆಕ್ಯಾನಿಕ್ ಪೇಂಟಿನ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಆಯಿಲ್ ಪಂಪ್ ತೋರಿಸಿದರು. ಯೆಜ್ಡಿಗೆ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕು. ಆರ್‌ಎಕ್ಸ್‌ಗೆ ಬೇರೆ ಡಬ್ಬಿ, ಬೇರೆ ಪಂಪು. ಪಂಪು ಕೈಕೊಟ್ಟರೆ ಪಿಸ್ಟನ್ ಸೀಜ್ ಆಗುವವರೆಗೂ ಓಡಿಸುವವನಿಗೆ ಸುಳಿವೇ ಸಿಗದು.

ಆಮೇಲೆ ಆರ್‌ಎಕ್ಸ್ ಮಾಲೀಕರ ಒಪ್ಪಿಗೆ ಪಡೆದು ನಾಲ್ಕು ನಟ್ಟು ಬಿಚ್ಚಿ ಹೆಡ್ ಎತ್ತಿದರು. ಪಿಸ್ಟನ್ ತಲೆ ಮಸಿ ಹಿಡಿದು ಕಪ್ಪಾಗಿತ್ತು. ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿದರು. ಮಸಿಯಡಿಯಿಂದ ಒಂದೊಂದೇ ಅಂಕಿ ಮೂಡಿತು: 100. ಗಾಡಿಯ ಹೆಸರಲ್ಲ ಅದು. ಸಿಲಿಂಡರಿನ ಒಳರಂಧ್ರ, ಅಂದರೆ ಬೋರ್, ಸವೆದಾಗಲೆಲ್ಲ ಅದನ್ನು ಕೊರೆದು, ಕಾಲು ಮಿಲಿಮೀಟರ್ ಹೆಚ್ಚು ದಪ್ಪದ ಪಿಸ್ಟನ್ ಕೂರಿಸುತ್ತಾರೆ: 25, 50, 75, ಕೊನೆಗೆ 100. ಕಂಪನಿಯಿಂದ ಬಂದಾಗ 50 ಮಿಲಿಮೀಟರ್ ಇದ್ದ ಬೋರ್ 51 ಆಗಿತ್ತು. ಇನ್ನು ಕೊರೆಯಲು ಜಾಗವಿಲ್ಲ. ಸಿಲಿಂಡರಿಗೆ ಸ್ಲೀವ್, ಅಂದರೆ ಹೊಸ ಒಳಕೊಳವೆ, ಹೊಡೆಸಬೇಕು.

ಆರ್‌.ಸಿ.ಯನ್ನೂ ನೋಡಿದೆವು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಯೆಜ್ಡಿಯವರು ಅದನ್ನು ತಪ್ಪದೆ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟಿದ್ದರು. ಎಂಜಿನ್ ನಂಬರು, ಚಾಸಿ ನಂಬರು ಎರಡೂ ತಾಳೆಯಾದವು. ನಾನು ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದೆ. ಹೊಸ ಕ್ಲಚ್ ಕೇಬಲ್‌ಗೆ ಹುಡುಗನನ್ನು ಅಂಗಡಿಗೆ ಓಡಿಸೋಣವೆಂದು ತಿರುಗಿದರೆ, ಅವನು ಆರ್‌ಎಕ್ಸ್ ಪಕ್ಕ ಕುಕ್ಕರುಗಾಲಲ್ಲಿ ಕೂತು, ತೆರೆದ ಬೋರಿನೊಳಗೆ ಬೆರಳಾಡಿಸುತ್ತಾ ಮೆಕ್ಯಾನಿಕ್‌ನನ್ನು ಕೇಳುತ್ತಿದ್ದ: “ಸ್ಲೀವ್ ಹೊಡೆಸಿದ್ರೆ ಎಷ್ಟಾಯ್ತದೆ ಅಣ್ಣ?”